ಮಗನ ಊರಿನಿಂದ ಮಗಳ ಊರಿಗೆ: ಸಿಡ್ನಿ, ಪರ್ತ್, ಲಂಡನ್

ಸೋಮವಾರ, ಸಿಡ್ನಿ

ಸಿಡ್ನಿಯಿಂದ ಲಂಡನ್ನಿಗೆ ಅತಿ ಹತ್ತಿರದ ದಾರಿ ಎಂದರೂ ಸುಮಾರು 17,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಆಗಿರುವಾಗ ಯಾವ ಎರಡು ಊರುಗಳೂ ಅದರ ಅರ್ಧಕ್ಕಿಂತ ಹೆಚ್ಚು ದೂರ ಇರಲಾರವು. ಆ ಲೆಕ್ಕದಲ್ಲಿ ನಮ್ಮ ಮಕ್ಕಳಿಬ್ಬರೂ ಹೆಚ್ಚುಕಮ್ಮಿ ಭೂಮಿಯ ಎರಡು ತುದಿಗಳಲ್ಲಿ ಮನೆ ಮಾಡಿದ್ದಾರೆ. ಮಗ ಸಿಡ್ನಿಯಲ್ಲಿ, ಮಗಳು ಲಂಡನ್ನಿನಲ್ಲಿ. ಚಳಿಗಾಲ ಶುರುವಾಗುವ ತನಕ ಮಗನ ಮನೆಯಲ್ಲಿದ್ದು, ಜೂನ್ ತಿಂಗಳಲ್ಲಿ ಮಗಳ ಮನೆಗೆ ಹೊರಡುವುದೆಂದು ನಾವಿಬ್ಬರೂ ನಿಶ್ಚಯಿಸಿದ್ದೆವು.

ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದಾಗಿನಿಂದ ನನಗೊಂದು ಆಸೆ. ದೂರ ಅನ್ನುವುದನ್ನು ಅಂಕಿಯಲ್ಲಿ ಓದುವುದಲ್ಲ, ಅದರ ಮೇಲೆ ಸಾಗಿ ನೋಡಬೇಕು, ಹಿಂದಿನವರು ಅದೇ ದಾರಿಯನ್ನು ಹೇಗೆ ಸವೆಸಿದರು ಎಂಬುದನ್ನೂ ತಿಳಿಯಬೇಕು. ಹಾಗಾಗಿ ಹೊರಡುವ ಮುಂಚೆ ಸಿಡ್ನಿಯಲ್ಲಿ ಎರಡು ಜಾಗ ನೋಡಲೇಬೇಕು ಎಂದು ಹಟ ಹಿಡಿದೆ. ಮೊದಲನೆಯದು ರೋಸ್ ಬೇ.

ಸರ್ಕ್ಯುಲರ್ ಕೀಯಿಂದ ದೋಣಿ ಹತ್ತಿದರೆ ರೋಸ್ ಬೇ ಬಂದೇಬಿಡುತ್ತದೆ. ಶಾಂತವಾದ ಕೊಲ್ಲಿ, ದಂಡೆಯುದ್ದಕ್ಕೂ ನಡೆದಾಡುವವರು. 1938ರಿಂದ ಇಲ್ಲಿ ಹಾರುವ ದೋಣಿಗಳು ಇಳಿಯುತ್ತಿದ್ದವು, ಏಳುತ್ತಿದ್ದವು. ನೀರೇ ರನ್‌ವೇ. ಇಲ್ಲಿಂದ ಇಂಗ್ಲೆಂಡಿನ ಸೌತಾಂಪ್ಟನ್ನಿಗೆ ಹತ್ತಿರ ಹತ್ತಿರ ಹತ್ತು ದಿನ. ಹಗಲು ಹಾರುವುದು, ಕತ್ತಲಾದರೆ ಇಳಿದು ಹೋಟೆಲಿನಲ್ಲಿ ಮಲಗುವುದು. ಆ ದಾರಿ ನಮ್ಮ ದೇಶದ ಮೇಲೂ ಹಾದುಹೋಗುತ್ತಿತ್ತು: ಕಲ್ಕತ್ತೆ, ಅಲಹಾಬಾದ್, ಗ್ವಾಲಿಯರ್, ರಾಜಸ್ಥಾನದ ರಾಜಸಮಂದ್ ಕೆರೆ, ಆಮೇಲೆ ಕರಾಚಿ. ಮರುಭೂಮಿಯ ಅಂಚಿನ ರಾಜಸಮಂದ್ ಕೆರೆಯಲ್ಲಿ ಲಂಡನ್ನಿನ ವಿಮಾನ ನೀರು ಚಿಮ್ಮಿಸುತ್ತಾ ಇಳಿಯುತ್ತಿತ್ತು ಎಂಬುದನ್ನು ನಾನು ಮಕ್ಕಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ, ನಮ್ಮ ಪುಸ್ತಕಗಳಲ್ಲಿ ಅದು ಇರಲೇ ಇಲ್ಲ. ಈಗಲೂ ರೋಸ್ ಬೇಯಿಂದ ಸಣ್ಣ ನೀರ್ವಿಮಾನಗಳು ಪ್ರವಾಸಿಗರನ್ನು ಹತ್ತಿಸಿಕೊಂಡು ಹಾರುತ್ತವೆ. ಒಂದು ಏಳುವುದನ್ನು ನಿಂತು ನೋಡಿದೆವು. ನೀರು ಬಿಡುವಾಗ ಅದು ಪಡುವ ಕಷ್ಟ ನೋಡಿದರೆ ಹಳೆಯ ಕಾಲದ ದೊಡ್ಡ ದೋಣಿಗಳ ಬಗ್ಗೆ ಗೌರವ ಹುಟ್ಟುತ್ತದೆ.

ಸಂಜೆ ಮೊಮ್ಮಗನ ಗ್ಲೋಬು ತೆಗೆದುಕೊಂಡು ನೂಲು ಹಿಡಿದೆ. ಸಿಡ್ನಿಯಿಂದ ಲಂಡನ್ನಿಗೆ ಬಿಗಿಯಾಗಿ ಎಳೆದರೆ ನೂಲು ಎಲ್ಲಿ ಕೂರುತ್ತದೋ ಅದೇ ಅತಿ ಹತ್ತಿರದ ದಾರಿ. ಗೋಡೆಯ ಚಪ್ಪಟೆ ನಕ್ಷೆ ನೋಡಿ ಬೆಳೆದವರು ಅದು ಇಂಡೋನೇಷ್ಯಾ, ಭಾರತ, ಅರೇಬಿಯಾ ದಾಟಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ನೂಲು ಮಾತ್ರ ಫಿಲಿಪ್ಪೀನ್ಸ್ ಬಳಿ ಸಮುದ್ರ ದಾಟಿ, ಚೀನಾದ ನಡುವೆ ನುಗ್ಗಿ, ಕಜಾಕ್‌ಸ್ತಾನದ ಬಯಲು ಹಾಯ್ದು, ಮಾಸ್ಕೋದ ತುಸು ಉತ್ತರಕ್ಕೆ ಸರಿದು ಲಂಡನ್ ಸೇರುತ್ತದೆ.

"ಅಜ್ಜಿ, ಹಾಗಾದ್ರೆ ನೀವು ಮಾಸ್ಕೋ ಮೇಲೆ ಹೋಗ್ತೀರಾ?" ಅಂದ ಮೊಮ್ಮಗ.

"ಇಲ್ಲ ಪುಟ್ಟ, ಆ ದಾರಿ ಈಗ ಇಲ್ಲ" ಅಂದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಬ್ರಿಟನ್ ಮತ್ತು ಯುರೋಪಿನ ವಿಮಾನಗಳಿಗೆ ರಷ್ಯಾ ತನ್ನ ಆಕಾಶ ಮುಚ್ಚಿದೆ. ಗ್ಲೋಬಿನ ಮೇಲೆ ಗಡಿಗಳಿಗೆ ಬರೀ ಬಣ್ಣ ಬಳಿದಿರುತ್ತಾರೆ, ಮೇಲೆ ಹಾರುವವರಿಗೆ ಅವು ಗೋಡೆಗಳೇ.

ಮಂಗಳವಾರ, ಆಲ್ಬಿಯನ್ ಪಾರ್ಕ್

ಮಗ ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋದ. ಸಿಡ್ನಿಯಿಂದ ದಕ್ಷಿಣಕ್ಕೆ ನೂರು ಕಿ.ಮೀ. ಆಸುಪಾಸು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಸಿರು ಬೆಟ್ಟಸಾಲು. ಅಲ್ಲಿ ಹಳೆಯ ವಿಮಾನಗಳನ್ನು ಕಾಪಾಡುವ ಸಂಘವೊಂದು ನಡೆಸುವ ಸಂಗ್ರಹಾಲಯವಿದೆ.

ನಾನು ನೋಡಲು ಹೋದದ್ದು ಒಂದು ಬೋಯಿಂಗ್ 747-400. 1989ರ ಆಗಸ್ಟಿನಲ್ಲಿ ಲಂಡನ್ನಿನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 20 ಗಂಟೆ 9 ನಿಮಿಷದಲ್ಲಿ ಬಂದ ವಿಮಾನ ಇದೇ. ಟಿಕೆಟ್ ಕೊಂಡ ಪ್ರಯಾಣಿಕರು ಯಾರೂ ಇರಲಿಲ್ಲ, ಸರಕೂ ಇರಲಿಲ್ಲ. ಹೆಚ್ಚು ಸಾಂದ್ರತೆಯ ವಿಶೇಷ ಇಂಧನ ತುಂಬಿದ್ದರು. ರನ್‌ವೇ ತನಕ ಎಂಜಿನ್ ಚಾಲೂ ಮಾಡಿ ಹೋದರೆ ಇಂಧನ ಖರ್ಚಾಗುತ್ತದೆಂದು ಟ್ರ್ಯಾಕ್ಟರಿನಿಂದ ಎಳೆದುಕೊಂಡು ಹೋದರಂತೆ. ಅಷ್ಟು ಮಾಡಿದರೂ ಅದು ಒಂದು ಸಲದ ಸಾಹಸವಾಗಿಯೇ ಉಳಿಯಿತು. ದಿನನಿತ್ಯ ಮುನ್ನೂರು ಚಿಲ್ಲರೆ ಜನರನ್ನು ಕೂರಿಸಿಕೊಂಡು ಅದೇ ಕೆಲಸ ಮಾಡಲು ಆ ವಿಮಾನಕ್ಕೆ ಶಕ್ತಿ ಇರಲಿಲ್ಲ. 2015ರಲ್ಲಿ ಅದು ಸಿಡ್ನಿಯಿಂದ ಇಲ್ಲಿಗೆ ತನ್ನ ಕೊನೆಯ ಸಣ್ಣ ಹಾರಾಟ ಮುಗಿಸಿ ನಿಂತಿತು.

ಪಕ್ಕದ ಹ್ಯಾಂಗರಿನಲ್ಲಿ ಸೂಪರ್ ಕಾನ್‌ಸ್ಟೆಲೇಶನ್ ಇದೆ, ನಾಲ್ಕು ಪ್ರೊಪೆಲ್ಲರು, ಮೂರು ಬಾಲ, ಮೀನಿನಂಥ ಮೈ. 1947ರ ಡಿಸೆಂಬರ್ 1ರಂದು ಇದೇ ವಂಶದ ವಿಮಾನ ಸಿಡ್ನಿಯಿಂದ 29 ಪ್ರಯಾಣಿಕರನ್ನೂ 11 ಸಿಬ್ಬಂದಿಯನ್ನೂ ಹೊತ್ತು ಲಂಡನ್ನಿಗೆ ಹೊರಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತೆ, ಕರಾಚಿ, ಕೈರೋ, ಟ್ರಿಪೋಲಿ, ಹೀಗೆ ಇಳಿದು ಹತ್ತಿ ನಾಲ್ಕು ದಿನದಲ್ಲಿ ಮುಟ್ಟಿತು. ಆಕಾಶದಲ್ಲಿದ್ದದ್ದು 55 ಗಂಟೆ. ಕಾಂಗರೂ ರೂಟ್ ಎಂದು ಅದಕ್ಕೆ ಹೆಸರು, ಕುಪ್ಪಳಿಸಿ ಕುಪ್ಪಳಿಸಿ ಹೋಗುವುದರಿಂದ.

ಇವರು ಎರಡೂ ವಿಮಾನಗಳ ಸುತ್ತ ನಡೆದು ಬಂದು, "ಒಂಬತ್ತು ವರ್ಷದ ಹಿಂದೆ ಹತ್ತು ದಿನ, ಇದಕ್ಕೆ ನಾಲ್ಕು, ಅದಕ್ಕೆ ಒಂದು ದಿನವೂ ಬೇಡ. ದೂರ ಅಷ್ಟೇ ಇದೆ ನೋಡು" ಅಂದರು. ಹಾಗೆ ಹೇಳಿದರೂ ನನಗೆ ಸಮಾಧಾನ ಆಗಲಿಲ್ಲ. ನಾಲ್ಕು ದಿನದವರು ಕಲ್ಕತ್ತೆಯ ಸೆಕೆ, ಕೈರೋದ ರಾತ್ರಿ ಎರಡನ್ನೂ ಮೈಮೇಲೆ ಹಾಕಿಕೊಂಡು ಹೋದವರು. ದಾರಿಯಲ್ಲಿ ಊರುಗಳಿದ್ದವು ಅವರಿಗೆ. ನಮಗೆ ಇರುವುದು ಹೊರಡುವ ಬಾಗಿಲು, ಇಳಿಯುವ ಬಾಗಿಲು.

ಬುಧವಾರ, ಸಿಡ್ನಿಯಿಂದ ಪರ್ತ್

ವಿಮಾನ ನಿಲ್ದಾಣದಲ್ಲಿ ಮಗ ಕಾಲಿಗೆ ಬಿದ್ದು, "ಅಮ್ಮಾ, ಪರ್ತ್‌ನಲ್ಲಿ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿ" ಅಂದ. ಆಗಲಿ ಕಣೋ ಎಂದು ಹೇಳಿ ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಮಾತು ಬೇಡವಾಯಿತು.

ಸಿಡ್ನಿಯಿಂದ ಪರ್ತ್ ಸುಮಾರು 3,280 ಕಿ.ಮೀ. ಒಂದೇ ದೇಶ, ಆದರೆ ಪರ್ತ್‌ಗೆ ಸಿಡ್ನಿಗಿಂತ ಜಕಾರ್ತಾ ಹತ್ತಿರ. ಹೋಗುವಾಗ ಐದು ಗಂಟೆ ಹತ್ತಿರ, ಬರುವಾಗ ನಾಲ್ಕು ಗಂಟೆ ಚಿಲ್ಲರೆ. ಇದು ಗಾಳಿಯ ಆಟ. ಈ ಅಕ್ಷಾಂಶಗಳಲ್ಲಿ ಮೇಲೆ, ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಬೀಸುತ್ತದೆ. ಚಳಿಗಾಲದಲ್ಲಿ ಅದಕ್ಕೆ ಬಲ ಜಾಸ್ತಿ. ನಾವು ಅದಕ್ಕೆ ಎದುರಾಗಿ ಹೋಗುತ್ತಿದ್ದೆವು. ಪರದೆಯ ಮೇಲೆ ನೆಲದ ವೇಗ 750 ಕಿ.ಮೀ. ಎಂದು ತೋರಿಸುತ್ತಿತ್ತು, ಎಂಜಿನ್ ಮಾತ್ರ ಎಂದಿನಂತೆ ಗಂಟೆಗೆ 900ರ ಲೆಕ್ಕದಲ್ಲೇ ಗಾಳಿಯನ್ನು ಸೀಳುತ್ತಿತ್ತು. ಎರಡು ಊರುಗಳ ನಡುವಿನ ದೂರಕ್ಕೆ ಒಂದೇ ಅಂಕಿ ಸಾಕು. ಸಮಯಕ್ಕೆ ಯಾವತ್ತೂ ಎರಡು ಬೇಕು, ಹೋಗುವುದಕ್ಕೊಂದು, ಬರುವುದಕ್ಕೊಂದು.

ಕೆಳಗೆ ನಲ್ಲರ್‌ಬೋರ್ ಬಯಲು. ಗಂಟೆಗಟ್ಟಲೆ ಮರವಿಲ್ಲ, ಹೊಳೆಯಿಲ್ಲ, ಊರಿಲ್ಲ. ಮಲೆನಾಡಿನವರ ಕಣ್ಣಿಗೆ ಅದು ಸಹಿಸಲು ಕಷ್ಟದ ನೋಟ, ಆದರೂ ಕಿಟಕಿ ಮುಚ್ಚಲು ಮನಸ್ಸು ಬರಲಿಲ್ಲ. ಪರ್ತ್‌ನಲ್ಲಿ ಗಡಿಯಾರ ಎರಡು ಗಂಟೆ ಹಿಂದಕ್ಕೆ ತಿರುಗಿಸಿದೆವು.

ಗುರುವಾರ, ಪರ್ತ್

ಬೆಳಿಗ್ಗೆ ಬುಲ್ ಕ್ರೀಕ್‌ನ ವಿಮಾನ ಸಂಗ್ರಹಾಲಯ. ಅಲ್ಲಿ ಕ್ಯಾಟಲೀನಾ ಎಂಬ ಒಂದು ಹಾರುವ ದೋಣಿ ಇದೆ. ಈ ಇಡೀ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ಕೂತದ್ದು ಅದರ ಕಥೆ.

ಎರಡನೇ ಮಹಾಯುದ್ಧದಲ್ಲಿ ಸಿಂಗಪುರ ಜಪಾನಿನ ಕೈಸೇರಿತು. ಆಸ್ಟ್ರೇಲಿಯಾಕ್ಕೂ ಇಂಗ್ಲೆಂಡಿಗೂ ನಡುವಿನ ವಾಯುಮಾರ್ಗ ತುಂಡಾಯಿತು. ಆಗ ಹುಡುಕಿದ ದಾರಿ ಪರ್ತ್‌ನ ಸ್ವಾನ್ ನದಿಯಿಂದ ಶ್ರೀಲಂಕಾದ ಕೊಗ್ಗಲ ಕೆರೆಗೆ, ಹಿಂದೂ ಮಹಾಸಾಗರದ ಮೇಲೆ ಒಂದೇ ಉಸಿರಿಗೆ. 5,600 ಕಿ.ಮೀ.ಗೂ ಹೆಚ್ಚು. ಕ್ಯಾಟಲೀನಾದ ವೇಗ ಗಂಟೆಗೆ ಇನ್ನೂರು ಕಿ.ಮೀ. ಆಸುಪಾಸು. ಹೀಗಾಗಿ ಒಂದೊಂದು ಹಾರಾಟಕ್ಕೆ 27ರಿಂದ 33 ಗಂಟೆ. ತುಂಬಿದ ಇಂಧನದ ಭಾರಕ್ಕೆ ಮೂವರು ಪ್ರಯಾಣಿಕರು, 69 ಕಿಲೋ ಟಪಾಲು, ಅಷ್ಟಕ್ಕೇ ಜಾಗ. ಶತ್ರುವಿಗೆ ಗೊತ್ತಾಗಬಾರದೆಂದು ರೇಡಿಯೋ ಮೌನ. ದಾರಿ ತೋರಿಸಲು ನಕ್ಷತ್ರಗಳು ಮಾತ್ರ. ವಿಮಾನಗಳಿಗೂ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು, ನಾವು ಅಭಿಜಿತ್, ಶ್ರವಣ, ಜ್ಯೇಷ್ಠಾ, ಚಿತ್ತಾ ಅನ್ನುವವೂ ಅದರಲ್ಲಿದ್ದವು. ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯೋದಯ ಕಂಡ ಪ್ರಯಾಣಿಕರಿಗೆ ಒಂದು ಪ್ರಮಾಣಪತ್ರ ಕೊಡುತ್ತಿದ್ದರು. 1943ರಿಂದ 1945ರ ತನಕ ನಡೆದ ಈ ಸೇವೆ ಮುಗಿದ ಮೇಲೆ, ಕರಾರಿನ ಪ್ರಕಾರ ಆ ವಿಮಾನಗಳನ್ನು ಸಮುದ್ರದಲ್ಲಿ ಮುಳುಗಿಸಿಬಿಟ್ಟರು. ಅಷ್ಟು ದುಡಿದವನ್ನು ಹಾಗೆ ಮಾಡಿದ್ದು ಸರಿಯಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮಧ್ಯಾಹ್ನ ಸ್ವಾನ್ ನದಿಯ ದಂಡೆಗೆ ಹೋದೆವು. ಆ ವಿಮಾನಗಳು ಏಳುತ್ತಿದ್ದ ನೆಡ್‌ಲ್ಯಾಂಡ್ಸ್ ಕಡೆಯ ಅಗಲವಾದ ನೀರು. ಹಾಯಿದೋಣಿಗಳಿದ್ದವು, ಕಪ್ಪು ಹಂಸಗಳಿದ್ದವು. ಮೂವತ್ತು ಗಂಟೆ ಸುದ್ದಿಯಿಲ್ಲದೆ ಹೋಗುವ ಮಗನನ್ನೋ ಗಂಡನನ್ನೋ ಇಲ್ಲಿಂದ ಬೀಳ್ಕೊಟ್ಟವರ ಎದೆ ಹೇಗಿದ್ದಿರಬೇಕು.

ರಾತ್ರಿ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆಗೆದು ಪರ್ತ್‌ನಿಂದ ಲಂಡನ್ನಿಗೆ ಅತಿ ಹತ್ತಿರದ ಗೆರೆ ಎಳೆದೆ. 14,500 ಕಿ.ಮೀ. ಗೆರೆ ಶ್ರೀಲಂಕಾದ ಮೇಲೆ ಹಾದು ತಮಿಳುನಾಡು ಹೊಕ್ಕಿತು. ಗುಂಡ್ಲುಪೇಟೆ ಕಡೆಯಿಂದ ಕರ್ನಾಟಕಕ್ಕೆ ಬಂತು. ದೊಡ್ಡದು ಮಾಡಿ ನೋಡಿದೆ. ಹೆಗ್ಗಡದೇವನಕೋಟೆ, ಕುಶಾಲನಗರ, ಸಕಲೇಶಪುರ, ಮೂಡಿಗೆರೆ, ಶೃಂಗೇರಿ. ಆಮೇಲೆ ಆಗುಂಬೆಗೂ ತೀರ್ಥಹಳ್ಳಿಗೂ ನಡುವೆ ನುಸುಳಿ, ಹೊನ್ನಾವರ ಕುಮಟಾ ಬಳಿ ಕಡಲಿಗಿಳಿಯಿತು.

"ರೀ, ಇಲ್ಲಿ ಬನ್ನಿ" ಅಂತ ಕೂಗಿದೆ. ಹಲ್ಲುಜ್ಜುತ್ತಿದ್ದವರು ಹಾಗೇ ಬಂದರು. ಕನ್ನಡಕ ಏರಿಸಿ ನೋಡಿದರು. ತೀರ್ಥಹಳ್ಳಿಯ ಪಕ್ಕ ನಮ್ಮ ತೋಟ ಇರುವ ಕಡೆಗೆ ಬೆರಳಿಟ್ಟು, "ಇದು ನಮ್ಮನೆ ಮಾಡಿನ ಮೇಲೇ ಹೋಗ್ತದಲ್ಲೇ" ಅಂದರು.

ಗೆರೆಗೆ ಯಾರ ಮನೆಯ ಪರಿಚಯವೂ ಇಲ್ಲ, ಗೋಳದ ಮೇಲಿನ ಗಣಿತ ಅದನ್ನು ಅಲ್ಲಿ ಎಳೆಯಿತು, ಅಷ್ಟೆ. ಆದರೂ ಆ ರಾತ್ರಿ ನಾನು ಅದನ್ನು ಬಹಳ ಹೊತ್ತು ನೋಡುತ್ತಾ ಕೂತೆ. ಮಕ್ಕಳಿಬ್ಬರೂ ನಮ್ಮಿಂದ ದೂರ ಹೋದರು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಆ ದೂರದ ನಡುವೆಯೇ ನಾವು ಕೂತಿದ್ದೇವೆ ಎಂದು ನಕ್ಷೆ ಹೇಳಿತು.

ಶುಕ್ರವಾರ, ಪರ್ತ್ ಬಿಟ್ಟು

ಈ ಮಾರ್ಗದಲ್ಲಿ ಮೊದಲ ನೇರ ವಿಮಾನ ಹೊರಟದ್ದು 2018ರ ಮಾರ್ಚ್ 24ರಂದು. ಆಸ್ಟ್ರೇಲಿಯಾಕ್ಕೂ ಯುರೋಪಿಗೂ ನಡುವೆ ಎಲ್ಲೂ ಇಳಿಯದ ನಿತ್ಯದ ಸೇವೆ ಅದಕ್ಕೂ ಮೊದಲು ಇರಲೇ ಇಲ್ಲ. ವಿಮಾನ ಬೋಯಿಂಗ್ 787-9. ಗರಿಷ್ಠ ತೂಕ 254 ಟನ್, ಅದರಲ್ಲಿ ತುಂಬಬಹುದಾದ ಇಂಧನವೇ ಹತ್ತಿರ ಹತ್ತಿರ 100 ಟನ್, ಅಂದರೆ ಸುಮಾರು 1,26,000 ಲೀಟರ್. ಜನ 236. ಇಷ್ಟು ದೂರ ಹೋಗುವ ವಿಮಾನದ ಕಷ್ಟ ಇದೇ: ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಹದಿನಾರು ಗಂಟೆ ಹೊತ್ತುಕೊಂಡೇ ಹೋಗಬೇಕು, ಆ ಹೊರುವುದಕ್ಕೂ ಇಂಧನ ಬೇಕು. ಅದಕ್ಕೇ ಮೊದಲು ಸ್ವಲ್ಪ ಕೆಳಗೆ ಹಾರಿ, ಹಗುರಾಗುತ್ತಾ ಹೋದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ.

ಸಂಜೆ ಐದೂಕಾಲು ದಾಟುವಷ್ಟರಲ್ಲಿ ಸೂರ್ಯ ಮುಳುಗಿದ. ಏಳರ ಹೊತ್ತಿಗೆ ವಿಮಾನ ಎದ್ದಿತು. ಸ್ವಲ್ಪವೇ ಹೊತ್ತಿಗೆ ಕರಾವಳಿಯ ದೀಪಗಳು ಮುಗಿದು ಹಿಂದೂ ಮಹಾಸಾಗರ. ಆಮೇಲೆ ಗಂಟೆಗಟ್ಟಲೆ ಕೆಳಗೆ ಒಂದು ದೀಪವೂ ಇಲ್ಲ.

ಇಷ್ಟು ಉದ್ದದ ಪ್ರಯಾಣಕ್ಕೆ ಹೊರಡುವ ನಮ್ಮ ವಯಸ್ಸಿನವರಿಗೆ ಎರಡು ಮಾತು. ಎರಡು ಗಂಟೆಗೊಮ್ಮೆಯಾದರೂ ಎದ್ದು ಓಡಾಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕೂತೇ ಇರುವವರಿಗೆ ಹೆಚ್ಚು. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ, ಒಳಗಿನ ಗಾಳಿ ಒಣಗಿರುತ್ತದೆ. ಈ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000 ಅಡಿ ಎತ್ತರದ್ದು, ಮುಳ್ಳಯ್ಯನಗಿರಿಯ ತುದಿಗಿಂತ ತುಸು ಕೆಳಗೆ ಕೂತ ಹಾಗೆ. ಹಳೆಯ ವಿಮಾನಗಳಲ್ಲಿ ಅದು 8,000 ಅಡಿಯ ತನಕ ಹೋಗುತ್ತಿತ್ತು, ಸುಸ್ತು ಜಾಸ್ತಿ. ಇವರು ಮಂಡಿನೋವಿಗೆ ಹೆದರಿ ನಡುದಾರಿಯ ಸೀಟು ಹಿಡಿದಿದ್ದರು, ಹಿಂದಿನ ಬಾಗಿಲ ತನಕ ಹೋಗಿ ಬಂದು ಮಾಡುತ್ತಲೇ ಇದ್ದರು.

ನಾನು ನಕ್ಷೆಯ ಪರದೆ ಬಿಡಲಿಲ್ಲ. ನಿನ್ನೆಯ ಗೆರೆಯನ್ನು ವಿಮಾನ ಹಿಡಿಯುವುದಿಲ್ಲ ಎಂದು ಹೊರಡುವ ಮುಂಚೆಯೇ ಗೊತ್ತಿತ್ತು. ಅದು ಕೊಂಕಣ ಕರಾವಳಿ ಬಿಟ್ಟ ಮೇಲೆ ಅರಬ್ಬಿ ಸಮುದ್ರ ದಾಟಿ ಇರಾನಿನೊಳಗೆ ಟೆಹರಾನ್ ಹತ್ತಿರ ಹಾದು, ಕಪ್ಪು ಸಮುದ್ರದ ಮೇಲೆ ಹೋಗಿ ಉಕ್ರೇನಿನ ಒಡೆಸಾ ಬಳಿ ನೆಲ ಮುಟ್ಟುತ್ತದೆ. ಯುದ್ಧದ ಊರುಗಳು. 2024ರಲ್ಲಿ ಇರಾನಿನ ಆಕಾಶ ತಪ್ಪಿಸಬೇಕಾಗಿ ಬಂದಾಗ ಪರ್ತ್‌ನಿಂದ ಹೊರಟ ಈ ವಿಮಾನ ಸಿಂಗಪುರದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು. ಲಂಡನ್ನಿನಿಂದ ಪರ್ತ್‌ಗೆ ಬರುವ ವಿಮಾನ ಮಾತ್ರ ಎಂದಿನಂತೆ ನೇರವಾಗಿಯೇ ಬಂತು, ಬೆನ್ನಿಗೆ ಗಾಳಿ ಇತ್ತಲ್ಲ. ಕೆಲವು ನೂರು ಕಿ.ಮೀ. ಬಳಸು ದಾರಿ ಬಂದರೆ ಸಾಕು, ನೇರ ಪ್ರಯಾಣ ಮುರಿಯುತ್ತದೆ. ಅಷ್ಟು ಅಂಚಿನ ಲೆಕ್ಕ ಇದು.

ಪರ್ತ್ ಗಡಿಯಾರದಲ್ಲಿ ರಾತ್ರಿ ಎರಡು ಗಂಟೆ. ವಿಮಾನ ಶ್ರೀಲಂಕಾ ದಾಟಿ, ಕನ್ಯಾಕುಮಾರಿಯ ದಕ್ಷಿಣಕ್ಕೆ, ಮಾಲ್ಡೀವ್ಸ್‌ನ ಉತ್ತರಕ್ಕೆ ಸಾಗುತ್ತಿತ್ತು. ಭಾರತದಲ್ಲಿ ಆಗ ಹನ್ನೊಂದೂವರೆ. ತೀರ್ಥಹಳ್ಳಿ ಬಲಕ್ಕೆ ಎಂಟುನೂರು ಚಿಲ್ಲರೆ ಕಿ.ಮೀ., ಅಂದರೆ ಈ ವೇಗಕ್ಕೆ ಒಂದು ಗಂಟೆಯ ದಾರಿ. ಜೂನ್ ತಿಂಗಳು, ಅಲ್ಲಿ ಮಳೆ ಹಿಡಿದಿರುತ್ತದೆ. ಕೆಳಗೆ ನೈಋತ್ಯದಿಂದ ಮುಂಗಾರು ಗಾಳಿ ಬೀಸುವ ಈ ತಿಂಗಳುಗಳಲ್ಲೇ ಮೇಲೆ, ನಮ್ಮ ಪರ್ಯಾಯದ್ವೀಪದ ನೆತ್ತಿಯ ಮೇಲೆ, ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಜೆಟ್ ಪ್ರವಾಹ ಹರಿಯುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಅದರ ಬಗ್ಗೆ ಬರೆದರು. ಪಶ್ಚಿಮಕ್ಕೆ ಹೋಗುವ ನಮ್ಮಂಥವರಿಗೆ ಅದು ಬೆನ್ನುಗಾಳಿ. ಪರದೆಯ ಮೇಲೆ ನೆಲದ ವೇಗ 950 ದಾಟಿತು. ಮುಂಗಾರು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ಗಾಳಿ ನನ್ನನ್ನು ಹೊತ್ತುಕೊಂಡು ಹೋಗುತ್ತಿದೆ ಎಂದು ಮೈ ಝುಂ ಅಂದಿತು. ಇವರನ್ನು ಎಬ್ಬಿಸಿ ಹೇಳಿದೆ. "ಹೌದಾ? ಒಳ್ಳೇದೇ ಆಯ್ತಲ್ಲ" ಎಂದು ಹೊದಿಕೆ ಎಳೆದುಕೊಂಡರು.

ಅರಬ್ಬಿ ಸಮುದ್ರ, ಒಮಾನ್, ಅರೇಬಿಯಾದ ಮರಳುಗಾಡು ಎಲ್ಲವೂ ಕತ್ತಲಲ್ಲೇ ದಾಟಿದವು. ನಾನೂ ಮಲಗಿದೆ.

ಶನಿವಾರ, ಲಂಡನ್

ಎಚ್ಚರವಾದಾಗ ತುರ್ಕಿಯ ಮೇಲಿದ್ದೆವು. ಈಗ ಪಶ್ಚಿಮದ ಗಾಳಿ ಎದುರಾಗಿತ್ತು, ವೇಗ ಇಳಿದಿತ್ತು. ಬಲಗಡೆ ಕಿಟಕಿಯಲ್ಲಿ ಈಶಾನ್ಯಕ್ಕೆ ತೆಳ್ಳಗೆ ಬೆಳಕು. ಸಾಮಾನ್ಯವಾಗಿ ಬೆಳಗು ಎಂದರೆ ಅರ್ಧ ಗಂಟೆಯ ಮಾತು. ಇಲ್ಲಿ ಅದು ಮುಗಿಯಲೇ ಇಲ್ಲ. ಆ ಅಕ್ಷಾಂಶದಲ್ಲಿ ಭೂಮಿ ತಿರುಗುವ ವೇಗ ಗಂಟೆಗೆ ಸಾವಿರ ಚಿಲ್ಲರೆ ಕಿ.ಮೀ. ಮಾತ್ರ, ನಮ್ಮ ವಿಮಾನ ಅದಕ್ಕಿಂತ ಸ್ವಲ್ಪವೇ ನಿಧಾನ, ಅದೂ ಬೆಳಗು ಸಾಗುವ ಅದೇ ಪಶ್ಚಿಮ ದಿಕ್ಕಿಗೆ. ಸೂರ್ಯ ಬೆನ್ನಟ್ಟಿ ಬರುತ್ತಿದ್ದ, ನಾವು ತಪ್ಪಿಸಿಕೊಂಡು ಓಡುತ್ತಿದ್ದೆವು. ಕೊನೆಗೆ ಜರ್ಮನಿ ಹತ್ತಿರ ಬಂದಾಗ ಸಿಕ್ಕಿಬಿದ್ದೆವು. ಪರ್ತ್‌ನಲ್ಲಿ ಮುಳುಗಿದವನು ಮತ್ತೆ ಕಾಣಿಸಿದ್ದು ಹದಿನೇಳೂವರೆ ಗಂಟೆ ಕಳೆದ ಮೇಲೆ. ಕ್ಯಾಟಲೀನಾದವರಿಗೆ ಒಂದೇ ಹಾರಾಟದಲ್ಲಿ ಎರಡು ಬೆಳಗು ಸಿಕ್ಕಿತ್ತು, ನಮಗೆ ಸಿಕ್ಕಿದ್ದು ಒಂದೇ ಉದ್ದನೆಯ ರಾತ್ರಿ.

ಬೆಳಿಗ್ಗೆ ಐದು ದಾಟಿದಾಗ ಹೀಥ್ರೂ. ಟಿಕೆಟಿನಲ್ಲಿ ನೋಡಿದವರಿಗೆ ಶುಕ್ರವಾರ ಸಂಜೆ ಏಳಕ್ಕೆ ಹೊರಟು ಶನಿವಾರ ಬೆಳಿಗ್ಗೆ ಐದಕ್ಕೆ ಇಳಿದದ್ದು, ಹತ್ತೇ ಗಂಟೆ. ನಡುವೆ ಏಳು ಗಂಟೆಯ ಗಡಿಯಾರದ ವ್ಯತ್ಯಾಸ ಅಡಗಿದೆ. ಮೈಗೆ ಗೊತ್ತಿರುವುದು ಹದಿನೇಳು ಗಂಟೆ ಮಾತ್ರ.

ಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳ ಮನೆ ಹೌನ್ಸ್‌ಲೋದಲ್ಲಿ, ನಿಲ್ದಾಣದಿಂದ ತೀರಾ ಹತ್ತಿರ. ಸ್ನಾನ, ತಿಂಡಿ, "ಈಗ ಮಲಗಬೇಡ ಅಮ್ಮ, ಸಂಜೆ ತನಕ ತಡೆದುಕೋ" ಎಂಬ ಅವಳ ಕಟ್ಟಪ್ಪಣೆ. ನಿದ್ದೆ ಓಡಿಸಲು ಸಂಜೆ ಹೌನ್ಸ್‌ಲೋ ಹೀತ್‌ಗೆ ನಡೆದೆವು. ಈಗ ಅದು ಹುಲ್ಲುಗಾವಲು, ಕುರುಚಲು ಗಿಡಗಳ ಸಂರಕ್ಷಿತ ಬಯಲು. ನೂರು ವರ್ಷದ ಹಿಂದೆ ಲಂಡನ್ನಿನ ವಿಮಾನ ನಿಲ್ದಾಣ ಇದೇ.

1919ರ ನವೆಂಬರ್ 12ರಂದು ರಾಸ್ ಸ್ಮಿತ್, ಅವನ ಅಣ್ಣ ಕೀತ್ ಸ್ಮಿತ್ ಮತ್ತು ಇಬ್ಬರು ಮೆಕ್ಯಾನಿಕ್‌ಗಳು ವಿಕರ್ಸ್ ವಿಮಿ ಎಂಬ ಎರಡು ರೆಕ್ಕೆಸಾಲಿನ ವಿಮಾನದಲ್ಲಿ ಇಲ್ಲಿಂದ ಎದ್ದರು. ಮೂವತ್ತು ದಿನದೊಳಗೆ ಆಸ್ಟ್ರೇಲಿಯಾ ಮುಟ್ಟಿದವರಿಗೆ ಅಲ್ಲಿನ ಸರ್ಕಾರ 10,000 ಪೌಂಡ್ ಬಹುಮಾನ ಸಾರಿತ್ತು. ತಲೆಯ ಮೇಲೆ ಮಾಡು ಇಲ್ಲ, ಮುಖಕ್ಕೆ ಹಿಮಗಾಳಿ. ಕಲ್ಕತ್ತೆಯಲ್ಲಿ ಇಳಿದದ್ದು ಕುದುರೆ ಪಂದ್ಯದ ಮೈದಾನದಲ್ಲಿ, ಮತ್ತೆ ಏಳುವಾಗ ಹದ್ದೊಂದು ಪ್ರೊಪೆಲ್ಲರಿಗೆ ಬಡಿಯಿತು, ಮರಗಳ ತುದಿ ಸವರಿಕೊಂಡು ಪಾರಾದರು. ಡಿಸೆಂಬರ್ 10ರಂದು ಡಾರ್ವಿನ್ ತಲುಪಿದರು. 28 ದಿನ, ಅದರಲ್ಲಿ ಹಾರಿದ್ದು 135 ಗಂಟೆ 55 ನಿಮಿಷ.

ಆ ಬಯಲಿನಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದಾಗ ನಮ್ಮ ತಲೆಯ ಮೇಲೆ ಒಂದೆರಡು ನಿಮಿಷಕ್ಕೊಂದರಂತೆ ವಿಮಾನಗಳ ಸದ್ದು. ನಾಲ್ವರು ಪ್ರಾಣ ಪಣಕ್ಕಿಟ್ಟು ತಿಂಗಳಲ್ಲಿ ಮಾಡಿದ್ದನ್ನು ನಾವು ಹೊದ್ದು ಮಲಗಿ ಮಾಡಿ ಬಂದಿದ್ದೆವು. ಅವರ ಹೆಸರು ಬಲ್ಲ ಪ್ರಯಾಣಿಕರು ಎಷ್ಟು ಮಂದಿಯೋ, ಎಲ್ಲರಿಗೂ ಗೊತ್ತಿರಬೇಕು ಎಂದು ನನ್ನ ಅಭಿಪ್ರಾಯ.

ಭಾನುವಾರ, ಗ್ರೀನಿಚ್

ಬೆಳಗಿನ ಮೂರಕ್ಕೇ ಇಬ್ಬರಿಗೂ ಎಚ್ಚರ. ಪರ್ತ್‌ನಲ್ಲಿ ಆಗ ಹತ್ತು ಗಂಟೆ, ಮೈ ಇನ್ನೂ ಅಲ್ಲೇ ಇದೆ. ಒಳಗಿನ ಗಡಿಯಾರ ದಿನಕ್ಕೆ ಒಂದು ಗಂಟೆಯಷ್ಟು ಸರಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಆ ಗಡಿಯಾರದ ದಿನ 24 ಗಂಟೆಗಿಂತ ತುಸು ಉದ್ದ, ಹಾಗಾಗಿ ದಿನ ಹಿಗ್ಗುವ ಪಶ್ಚಿಮದ ಪ್ರಯಾಣ ಸುಲಭ, ದಿನ ಕುಗ್ಗುವ ಪೂರ್ವದ ಪ್ರಯಾಣ ಕಷ್ಟ. ವಿಚಿತ್ರ ಎಂದರೆ ಗಾಳಿಯ ಲೆಕ್ಕ ಇದಕ್ಕೆ ಪೂರ್ತಿ ತದ್ವಿರುದ್ಧ. ಪೂರ್ವಕ್ಕೆ ಹೋಗುವಾಗ ವಿಮಾನಕ್ಕೆ ಸಲೀಸು, ಮನುಷ್ಯನಿಗೆ ತ್ರಾಸ.

ಗ್ರೀನಿಚ್ ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ಹೋಗುವುದು ನನ್ನ ಹಳೆಯ ಕನಸು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ದೇಶಗಳು ಸೊನ್ನೆ ರೇಖಾಂಶ ಇಲ್ಲಿಂದಲೇ ಎಂದು ಒಪ್ಪಿಕೊಂಡವು. ಅಂಗಳದಲ್ಲಿ ಲೋಹದ ಗೆರೆ, ಅದರ ಎರಡು ಕಡೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲು ಸಾಲು. ನಾವೂ ನಿಂತೆವು. ಮೊಬೈಲಿನಲ್ಲಿ ಸೊನ್ನೆ ನೋಡಬೇಕಾದರೆ ಮಾತ್ರ ಇಲ್ಲಿಂದ ಪೂರ್ವಕ್ಕೆ 102 ಮೀಟರ್ ನಡೆದು ಪಾರ್ಕಿನೊಳಗೆ ಹೋಗಬೇಕು. ಉಪಗ್ರಹಗಳು ಭೂಮಿಯ ಕೇಂದ್ರದಿಂದ ಅಳೆಯುತ್ತವೆ, ಹಳೆಯವರು ಇಲ್ಲಿನ ತೂಗುಬೊಟ್ಟಿನ ದಿಕ್ಕನ್ನು ನಂಬಿ ಅಳೆದಿದ್ದರು. ನಡೆದು ಹೋಗಿ ನೋಡಿದೆವು. ಅಲ್ಲಿ ಒಂದು ಕಸದ ಡಬ್ಬಿ ಬಿಟ್ಟರೆ ಗುರುತಿಗೆ ಏನೂ ಇರಲಿಲ್ಲ, ನನಗೆ ಮಾತ್ರ ಲೋಹದ ಗೆರೆಗಿಂತ ಅದೇ ಹೆಚ್ಚು ಇಷ್ಟವಾಯಿತು.

ಹುಲ್ಲಿನ ಮೇಲೆ ಕೂತು ಮಗನಿಗೆ ವಿಡಿಯೋ ಕರೆ ಮಾಡಿದೆವು. ಇಲ್ಲಿ ಮಧ್ಯಾಹ್ನ ಹನ್ನೆರಡು, ಅಲ್ಲಿ ರಾತ್ರಿ ಒಂಬತ್ತು. ಸಿಡ್ನಿಯಿಂದ ಲಂಡನ್ನಿಗೆ ಎಲ್ಲೂ ಇಳಿಯದ ವಿಮಾನ ಬರಲಿದೆ, ಏರ್‌ಬಸ್ ಎ350-1000ಕ್ಕೆ 20,000 ಲೀಟರಿನ ಹೆಚ್ಚುವರಿ ಟ್ಯಾಂಕು ಕೂರಿಸಿ 22 ಗಂಟೆ ತನಕ ಹಾರುವಂತೆ ಮಾಡುತ್ತಿದ್ದಾರೆ, ಮುಂದಿನ ಸಲ ಅದರಲ್ಲೇ ಹೋಗಿ ಅಂದ ಅವನು. ಮಗಳು ತಲೆ ಅಲ್ಲಾಡಿಸಿ, "ಅಣ್ಣಾ, ಅಮ್ಮ ಬೇರೆ ಲೆಕ್ಕ ಹಾಕಿದಾಳೆ, ಕೇಳು" ಅಂದಳು.

ಲೆಕ್ಕ ಇದು. ನಾವು ಪರ್ತ್ ಮೇಲೆ ಬಂದ ದಾರಿ ಒಟ್ಟು 17,780 ಕಿ.ಮೀ. ಆಸುಪಾಸು. ಸಿಡ್ನಿಯಿಂದ ಬೆಂಗಳೂರಿಗೆ ಸುಮಾರು 9,350, ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,050, ಕೂಡಿಸಿದರೆ 17,400. ಅಂದರೆ ಬೆಂಗಳೂರಿನ ಮೇಲೆ ಹೋದರೆ ಪರ್ತ್ ಮೇಲೆ ಹೋಗುವುದಕ್ಕಿಂತ ಹತ್ತಿರ. ಚೀನಾ, ರಷ್ಯಾದ ಮೇಲಿನ ಆ ಆದರ್ಶ ಗೆರೆಗೂ ಇದಕ್ಕೂ ಬರೀ ನಾನೂರು ಕಿ.ಮೀ. ವ್ಯತ್ಯಾಸ. ಸಿಡ್ನಿಯಿಂದ ಬೆಂಗಳೂರಿಗೆ ನೇರ ವಿಮಾನ 2022ರಿಂದಲೇ ಇದೆ, ಲಂಡನ್ನಿನಿಂದಲೂ ಇದೆ.

"ಹಾಗಾದ್ರೆ ನಾವು ಒಬ್ಬರನ್ನೊಬ್ಬರು ನೋಡೋಕೆ ಅಂತ ಭೂಮಿ ಸುತ್ತೋದು ಬೇಡ" ಅಂದೆ. "ಇಬ್ಬರೂ ಅರ್ಧರ್ಧ ದಾರಿ ಬನ್ನಿ."

ಮಗ ಆ ಕಡೆ ಕ್ಯಾಲೆಂಡರ್ ತೆಗೆದ. ದೀಪಾವಳಿಗೆ ಅವನ ಮಗನಿಗೆ ಶಾಲೆ ಇರುತ್ತದೆ, ಡಿಸೆಂಬರ್ ಕೊನೆಯಾದರೆ ಅಲ್ಲಿ ಬೇಸಿಗೆ ರಜೆ, ಇಲ್ಲಿ ಕ್ರಿಸ್‌ಮಸ್ ರಜೆ. ಇವರು ಅಡಿಕೆ ಕೊಯ್ಲು ಅದೇ ಹೊತ್ತಿಗೆ ಬೀಳುತ್ತದೆ, ಕೈಗೆ ಜನ ಸಿಕ್ಕಿದ ಹಾಗಾಯಿತು ಅಂದರು. ಮಗಳು ಆಗಲೇ ಮೊಬೈಲಿನಲ್ಲಿ ಬೆಂಗಳೂರಿನ ಟಿಕೆಟ್ ನೋಡುತ್ತಿದ್ದಳು. "ಅಣ್ಣಾ, ನೀನು ಸಂಜೆ ಇಳಿಯೋ ವಿಮಾನ ಹಿಡಿ, ನಾನು ಅವತ್ತೇ ಬೆಳಿಗ್ಗೆ ಬಂದಿರ್ತೀನಿ. ತೀರ್ಥಹಳ್ಳಿಗೆ ರಾತ್ರಿ ಬಸ್ಸಿಗೆ ಒಟ್ಟಿಗೇ ಹತ್ತೋಣ."